ಹರಿಯದ ಬಲೆಗೆ ಕತ್ತರಿ

ಹುಡುಗ ನೆಲದಿಂದ ಎದ್ದ ರೀತಿಯನ್ನು ಸಬ್ ಇನ್‌ಸ್ಪೆಕ್ಟರ್ ಚೇತನಾ ನೋಡಿದಳು. ನೋಡಿದೆ ಎಂದು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಅವನು ಮೊದಲು ಬೋರಲಾಗಿ ತಿರುಗಿದ. ಎರಡೂ ಅಂಗೈ ನೆಲಕ್ಕೂರಿ ಸೊಂಟ ಮೇಲೆತ್ತಿದ. ಆಮೇಲೆ ಒಂದು ಕೈ ಮೊಣಕಾಲಿಗೆ ಬಂತು, ಇನ್ನೊಂದು ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದವನ ಹಾಗೆ ನಿಂತ. ನಿಂತು ಒಮ್ಮೆ ಕೆಮ್ಮಿದ, ಆಮೇಲೆ ನಕ್ಕ.

"ಕಂಡ್ರ್ಯಾ? ನಾ ಒಬ್ನೇ ಎದ್ದೆ."

"ಕಂಡೆ ಮಗಾ," ಎಂದಳು ಚೇತನಾ.

ಪ್ರಥಮ್‌ಗೆ ಕಳೆದ ತಿಂಗಳು ಐದು ತುಂಬಿತ್ತು. ಚಡ್ಡಿಯ ಕೆಳಗೆ ಅವನ ಮೀನಖಂಡಗಳು ಪೈಲ್ವಾನನ ಕಾಲಿನ ಹಾಗೆ ಉಬ್ಬಿದ್ದವು. ಗೊತ್ತಿಲ್ಲದವರು ಗಟ್ಟಿ ಮಗು ಅನ್ನುತ್ತಾರೆ. ನಾವುಂದದ ಈ ಮನೆಯಲ್ಲಿ ಹಾಗೆ ಅನ್ನುವವರು ಯಾರೂ ಇರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ನಗುತ್ತಿದ್ದ, ಹುಡುಗನ ಸೋದರಮಾವ ಗುರುವನ ಕಾಲೂ ಒಂದು ಕಾಲದಲ್ಲಿ ಹೀಗೇ ಇತ್ತು. ಸ್ನಾಯು ಕರಗಿಸುವ ರೋಗದಲ್ಲಿ ಅವನು ಹತ್ತೊಂಬತ್ತಕ್ಕೆ ಹೋದ.

ಡಾಕ್ಟರ್ ರತನ್‌ನ ಸಂತಾನ ಕೇಂದ್ರದಲ್ಲಿ ಲ್ಯಾಬ್ ಕೆಲಸಕ್ಕಿದ್ದ ಸ್ವರ್ಣಲತಾ ಹನ್ನೊಂದು ದಿನಗಳ ಹಿಂದೆ ಬಸ್ರೂರಿನ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಅವಳ ಫೋನಿನಲ್ಲಿ ಈ ಹುಡುಗನ ಐದು ವಿಡಿಯೋಗಳಿದ್ದವು. ಹುಟ್ಟುಹಬ್ಬಕ್ಕೊಂದು. ಐದರಲ್ಲೂ ಇರುವುದು ಒಂದೇ: ಹುಡುಗ ನೆಲದಲ್ಲಿ ಕೂರುತ್ತಾನೆ, ಏಳುತ್ತಾನೆ. ಮೊದಲನೆಯದರಲ್ಲಿ ತಾಯಿಯ ಬೆರಳು ಹಿಡಿದು, ಮುಂದಿನ ಮೂರರಲ್ಲಿ ಚೆಂಡಿನ ಹಾಗೆ ಪುಟಿದೇಳುತ್ತಾನೆ. ಐದನೆಯದರಲ್ಲಿ ಕೈ ಮೊಣಕಾಲಿಗೆ ಬರುತ್ತದೆ.

"ಅಂವ ಹಾಂಗೇ ಮೇಡಂ. ಎಲ್ಲದ್ರಾಗೂ ಆಟ," ಎನ್ನುತ್ತ ಪುಷ್ಪ ಒಳಗಿನಿಂದ ಮಜ್ಜಿಗೆ ತಂದಳು.

ಲೋಟವನ್ನು ಎಡಗೈಯಲ್ಲಿ ಚಾಚಿದಳು. ಚಾಚಿದ ಮೇಲೆ ಗಾಬರಿಯಾಗಿ ಬಲಗೈಗೆ ಬದಲಿಸಿದಳು.

"ತಪ್ಪ್ ತಿಳ್ಕಣ್ಬೇಡಿ. ಸಣ್ಣಕಿಪ್ಪತಿಗೆ ಅಬ್ಬಿ ಎಷ್ಟ್ ಹೊಡ್ದ್ರೂ ಈ ಬುದ್ಧಿ ಬಿಡ್ಲಿಲ್ಲೆ."

"ಅದ್ರಾಗೆ ಎಂತ ತಪ್ಪ್? ಮಜ್ಜಿಗಿಗೆ ಎಡ ಬಲ ಗೊತ್ತಾತ್ತಾ?" ಎಂದ ಹೆಡ್ ಕಾನ್‌ಸ್ಟೇಬಲ್ ಐತ. ನಿವೃತ್ತಿಗೆ ಎಂಟು ತಿಂಗಳಿರುವ ಅವನು ತನ್ನ ಲೋಟವನ್ನು ಆಗಲೇ ಮುಗಿಸಿದ್ದ. "ಮೇಡಂ, ನಿಮ್ಗೆ ಬ್ಯಾಡ ಅಂದ್ರೆ ಹೇಳಿ. ಹಾಳ್ ಮಾಡುದ್ ಬ್ಯಾಡ."

ಚೇತನಾ ಕುಡಿದಳು. "ಪುಷ್ಪ, ಸ್ವರ್ಣಲತಾ ಕಡೇಗೆ ಬಂದದ್ದು ಯಾವಾಗ?"

"ಇವ್ನ್ ಹುಟ್ಟಿದ್ ದಿನಕ್ಕೆ. ಆಮೇಲೆ ಕಂಡದ್ದೇ ಇಲ್ಲೆ."

"ರಕ್ತ ತೆಗೆದುಕೊಂಡು ಹೋದಳಲ್ಲ?"

"ರಕ್ತ ಕಮ್ಮಿ ಇತ್ತಾ ಕಾಂತೆ ಅಂದ್ರ್ ಸ್ವರ್ಣಕ್ಕ." ಪುಷ್ಪ ಮಗನ ತಲೆಗೂದಲು ಸರಿಮಾಡಿದಳು. "ಅವ್ರಿಗೆ ಇವ್ನಂದ್ರೆ ಜೀವ. ಯಾರ್ ಹಾಂಗೆ ಮಾಡಿದ್ರ್ ಮೇಡಂ ಅವ್ರಿಗೆ?"

"ಮಾಣಿಗೆ ಕೆಮ್ಮು ಯಾವತ್ತಿಂದ?"

"ಹತ್ತ್ ದಿನ ಆಯ್ತೇನೋ. ಮಳಿ ನೀರ್."

ಹುಡುಗ ಮತ್ತೆ ಕೂತ. ಕೂರುವಾಗ ಧೊಪ್ಪನೆ ಕೂತ. ಆ ಶಬ್ದಕ್ಕೆ ಪುಷ್ಪಳ ಕಣ್ಣುರೆಪ್ಪೆ ಅದುರಿದ್ದನ್ನು ಚೇತನಾ ಕಂಡಳು. ಅಣ್ಣನನ್ನು ಎಂಟು ವರ್ಷ ಎತ್ತಿ ಇಳಿಸಿದ ಹೆಣ್ಣಿಗೆ ಆ ಶಬ್ದದ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

* * *

ಮನೆಯ ಮಗ್ಗುಲ ಚಪ್ಪರದಡಿ, ಪುಷ್ಪಳ ಸ್ಕೂಟಿಯ ಪಕ್ಕ, ಅವಳ ಗಂಡ ಸುಶಾಂತ್ ಬಲೆ ಹರಡಿಕೊಂಡು ಕುಳಿತಿದ್ದ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಬಲೆ ದುರಸ್ತಿಯೇ ಕೆಲಸ. ನೀಲಿ ನೈಲಾನ್ ಹಗ್ಗ ಅವನ ಬೆರಳುಗಳ ನಡುವೆ ಸರಸರ ಓಡುತ್ತಿತ್ತು.

"ಹ್ವಾಯ್, ಇಷ್ಟ್ ಜನ ಕಟ್ಟಿದ್ದ್ ಗಂಟ್ ಇದ್ರಾಗಿತ್ತಲೆ, ಯಾರ್ದ್ ಯಾವ್ದ್ ಅಂದೇಳಿ ಗೊತ್ತಾತ್ತಾ ನಿಂಗೆ?" ಐತ ಕೇಳಿದ.

"ಗೊತ್ತಾಗ್ದೆ ಎಂತ? ಕೈಬರಹ ಇದ್ದಾಂಗೆ ಅದ್. ನನ್ನ ಅಪ್ಪಯ್ಯ ಕಟ್ಟಿದ್ದ್ ಗಂಟ್ ಇವತ್ತಿಗೂ ಹೇಳ್ತೆ ನಾನ್."

ಚೇತನಾ ಪ್ಲಾಸ್ಟಿಕ್ ಚೀಲ ಅವನ ಮುಂದಿಟ್ಟಳು. ಒಳಗೆ ಸ್ವರ್ಣಲತಾಳ ಚಪ್ಪಲಿಗಳು. ಬಸ್ರೂರಿನ ಹೊಳೆಯ ಮೆಟ್ಟಿಲ ಮೇಲೆ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ಜೋಡಿಯಾಗಿ ಸಿಕ್ಕಿದ್ದವು. ಅದನ್ನು ನೋಡಿಯೇ ಠಾಣೆಯ ಅರ್ಧ ಜನ ಆತ್ಮಹತ್ಯೆ ಎಂದು ಬರೆದು ಮುಗಿಸಲು ಹೊರಟಿದ್ದರು. ಆದರೆ ಹೆಣದ ಕುತ್ತಿಗೆಯಲ್ಲೂ ತೋಳಿನಲ್ಲೂ ಸಣ್ಣ ಉಗುರಿನ ಗೀರುಗಳಿದ್ದವು. ಹೆಂಗಸಿನದೇ ಇರಬೇಕು ಎಂದಿದ್ದರು ಶವ ಕೊಯ್ದ ವೈದ್ಯರು.

ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಅದನ್ನು ಯಾರೋ ನೀಲಿ ಹಗ್ಗದಿಂದ ಬಿಗಿದು ಕಟ್ಟಿದ್ದರು. ಅಂಗಡಿಯವನು ಹೊಲಿದದ್ದಲ್ಲ. ಬಲೆ ಕಟ್ಟುವವರ ಗಂಟು.

ಸುಶಾಂತ್ ಚೀಲವನ್ನು ಬೆಳಕಿಗೆ ಹಿಡಿದ. ತುಂಬ ಹೊತ್ತು ಹಿಡಿದ.

"ಹಗ್ಗ ನಮ್ದೇ ನಮೂನಿ. ನಾವುಂದದಾಗೆ ಎಲ್ರ ಹತ್ರವೂ ಇದೇ ಇಪ್ಪುದ್."

"ಗಂಟು?"

"ಗೊತ್ತಿಲ್ಲೆ ಮೇಡಂ."

ಐತ ಅವನ ಮುಖವನ್ನೇ ನೋಡಿದ. ಆಮೇಲೆ ಚೇತನಾಳ ಕಡೆ ತಿರುಗಿ ಮೆಲ್ಲಗೆ, "ಸುಳ್ಳ್ ಹೇಳಿ ಅಭ್ಯಾಸ ಇಲ್ಲೆ ಪಾಪಕ್ಕೆ," ಎಂದ.

ಸುಶಾಂತ್ ತಲೆ ಎತ್ತಲಿಲ್ಲ. ಚೇತನಾಳಿಗೆ ರೇಗಿತು. ಒಂದು ಹೆಣ್ಣು ಸತ್ತಿದ್ದಾಳೆ, ಒಬ್ಬೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಆದರೆ ಆ ಹುಡುಗ ಎದ್ದ ರೀತಿ ಕಣ್ಣ ಮುಂದಿತ್ತು. ಅವಳು ಪ್ರಶ್ನೆ ಬದಲಿಸಿದಳು.

"ಆಯ್ತು. ಡಾಕ್ಟರ್ ರತನ್ ನಿಮಗೆ ಎಂತ ಹೇಳಿದ್ದ? ಅದನ್ನಾದರೂ ಸರಿಯಾಗಿ ಹೇಳು."

ಅವನು ಬಲೆಯ ಹರಿದ ಭಾಗವನ್ನು ಎತ್ತಿ ಹಿಡಿದ.

"ಹೀಂಗೇ ಹೇಳಿದ್ದ್ ಅವ್ರ್. ಹರ್ದ ಜಾಗ ಸೀದಾ ಕಟ್ಟೂಕಾತಿಲ್ಲೆ. ಸುತ್ತ ಒಂಚೂರ್ ಕತ್ತರಿಸಿ ಸಮ ಮಾಡ್ಕ್. ಬಲೆ ಕಣ್ಣಿಗೆ ಕಣ್ಣ್ ಕೂಡ್ಕ್. ಆಮೇಲೆ ಕಟ್ಟುದ್. ಗುರುವಣ್ಣ ಇಪ್ಪತಿಗೆ ದೊಡ್ಡಾಸ್ಪತ್ರಿಯಾಗೆ ಮಾಡ್ಸಿದ್ ಕಾಗ್ದ ಇದ್ದಿತ್ತಲೆ, ಅದ್ರಾಗೆ ಎಲ್ ಹರ್ದಿತ್ ಅಂದೇಳಿ ಬರ್ದಿತ್ತ್. ಅದನ್ನೇ ಕಂಡ್ಕಂಡ್, ಮಾಣಿ ಹೊಟ್ಟಿಗೆ ಬಪ್ಪು ಮೊದ್ಲೇ, ಕಾಣದಷ್ಟ್ ಸಣ್ಣಕಿಪ್ಪತಿಗೆ ಆ ಜಾಗ ಕತ್ತರಿಸಿ ಕೂಡ್ಸಿದ್ರ್."

"ಕಾನೂನಿಗೆ ವಿರುದ್ಧ ಅಂತ ಗೊತ್ತಿತ್ತಾ?"

"ಯಾರ್ಗೂ ಹೇಳ್ಬ್ಯಾಡಿ ಅಂದಿದ್ರ್. ಹೇಳಿದ್ರೆ ಮಾಣಿನ ತಕಂಡ್ ಹೋಯಿ ಗಾಜಿನ ಕೋಣಿಯಾಗೆ ಇಡ್ತ್ರ್ ಅಂದಿದ್ರ್." ಅವನು ಸೂಜಿಗೆ ಹಗ್ಗ ಸುತ್ತಿದ. "ಪುಷ್ಪ ಅದಕ್ಕೇ ಆ ವಿಷಯ ಬಾಯಿ ಬಿಡುದಿಲ್ಲ."

ನಿನ್ನೆ ಡಾಕ್ಟರ್ ರತನ್ ವಕೀಲನನ್ನು ಪಕ್ಕಕ್ಕೆ ಕೂರಿಸಿಕೊಂಡೇ ಮಾತಾಡಿದ್ದ. ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಮೂರು ಮಹಡಿಯ ಸಂತಾನ ಕೇಂದ್ರ ಅವನದು. ಹುಟ್ಟುವ ಮಗುವಿನ ವಂಶವಾಹಿಯನ್ನು ತಿದ್ದಲು ಈ ದೇಶದಲ್ಲಿ ಯಾರಿಗೂ ಅನುಮತಿಯಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ, "ನಾನು ಮಾಡಿಲ್ಲ. ಮಾಡಿದ್ದರೆ ಎಂದು ಇಟ್ಟುಕೊಳ್ಳಿ," ಎಂದೇ ಶುರುಮಾಡಿದ್ದ.

"ಹುಟ್ಟದ ಮಗುವಿನ ಒಪ್ಪಿಗೆ ಯಾರು ಕೊಟ್ಟರು?" ಎಂದು ಕೇಳಿದ್ದಳು ಚೇತನಾ.

"ರೋಗ ಬೇಡ ಎನ್ನುವುದಕ್ಕೆ ಒಪ್ಪಿಗೆ ಬೇಕೆ ಇನ್‌ಸ್ಪೆಕ್ಟರೇ?"

ಆ ಮಾತಿಗೆ ಇವತ್ತು ಬೆಳಿಗ್ಗೆ ಉತ್ತರ ಬಂತು. ಸ್ವರ್ಣಲತಾ ತನ್ನ ಫೋನಿನಲ್ಲಿ ಮೂರು ರಕ್ತಪರೀಕ್ಷೆಯ ಕಾಗದಗಳ ಚಿತ್ರ ತೆಗೆದಿಟ್ಟಿದ್ದಳು: ಗುರುವನ ಹಳೆಯದು, ಪುಷ್ಪಳದು, ಹುಡುಗನದು. ಅದನ್ನು ಓದಿ ಹೇಳಿದವರು ಮಂಗಳೂರಿನ ವಯಸ್ಸಾದ ಪ್ರೊಫೆಸರರೊಬ್ಬರು. ಹೇಳುವಾಗ ಅವರು ಎರಡು ಸಲ ನಿಲ್ಲಿಸಿ ನೀರು ಕುಡಿದಿದ್ದರು.

"ಸುಶಾಂತ್," ಎಂದಳು ಚೇತನಾ. "ಹರಿಯದ ಬಲೆಗೆ ಅದೇ ಜಾಗದಲ್ಲಿ ಅದೇ ಕತ್ತರಿ ಹಾಕಿದರೆ ಎಂತ ಆತ್ತ್?"

"ಯಾರ್ ಹಾಕ್ತ್ರ್ ಮೇಡಂ?" ಅವನಿಗೆ ನಗು ಬಂತು. "ಒಳ್ಳೆ ಬಲೆ ತೂತ್ ಆತ್ತ್."

ಚೇತನಾ ಹುಡುಗನ ಕೆಮ್ಮು ಕೇಳುತ್ತಿದ್ದ ಬಾಗಿಲ ಕಡೆ ನೋಡಿದಳು.

ಅವನ ಕೈಯಲ್ಲಿದ್ದ ಸೂಜಿ ನಿಂತಿತು. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಅದನ್ನು ತೆಗೆಯಲು ಮರೆತವನ ಹಾಗೆ.

"ಪುಷ್ಪನ ರಕ್ತದಲ್ಲಿ ಆ ರೋಗ ಇಲ್ಲ," ಎಂದಳು ಅವಳು. "ಆರು ವರ್ಷದ ಹಿಂದೆ ಸ್ವರ್ಣಲತಾಳೇ ಟೆಸ್ಟ್ ಮಾಡಿ ಇಲ್ಲ ಅಂತ ಬರೆದಿದ್ದಾಳೆ. ಡಾಕ್ಟರು ಅದರ ಮೇಲೆ ಗೀಟು ಎಳೆದಿದ್ದಾನೆ. ಮಾಣಿ ಆರೋಗ್ಯವಾಗೇ ಹುಟ್ಟುವವನಿದ್ದ. ಈಗ ಅವನ ಜೀನು ತುಂಡಾದ ಜಾಗ ಗುರುವನದ್ದಲ್ಲ. ಅದರ ಪಕ್ಕದ್ದು. ಕತ್ತರಿ ಬಿದ್ದ ಜಾಗ."

ಸುಶಾಂತ್ ಬಲೆಯ ಪಕ್ಕದಲ್ಲಿದ್ದ ಕತ್ತರಿಯನ್ನು ಎತ್ತಿಕೊಂಡ. ನೋಡಿದ. ಅದನ್ನು ಮೆಲ್ಲಗೆ ಚಪ್ಪರದ ಅಡ್ಡತೊಲೆಯ ಮೇಲೆ, ಮಗುವಿನ ಕೈಗೆ ಸಿಗದಷ್ಟು ಎತ್ತರದಲ್ಲಿ ಇಟ್ಟುಬಂದ. ಮತ್ತೆ ಕೂತ. ಹಗ್ಗ ಕೈಗೆ ತೆಗೆದುಕೊಳ್ಳಲಿಲ್ಲ.

"ಮೊದ್ಲೆಲ್ಲ ಮಾಣಿ ಕಡಲ್ ಅಂದ್ರೆ ಓಡಿ ಬತ್ತಿದ್ದ," ಎಂದ, ಯಾರಿಗೂ ಅಲ್ಲದ ಹಾಗೆ. "ಈಗ ಹತ್ತ್ ದಿನದಿಂದ ನೀರ್ ಕಂಡ್ರೆ ಕೂಗ್ತ. ಕಾಲಿಂದ ಆತಿಲ್ಲೆ ಅಂದೇಳಿ ಹೆದ್ರಿಕಿ ಅಂದ್ಕಂಡಿದ್ದೆ."

* * *

"ಒಂದ್ ಅರ್ಥ ಆತಿಲ್ಲೆ ಮೇಡಂ," ಎಂದ ಐತ, ಹಿತ್ತಲಿಗೆ ಹೋಗುತ್ತ. "ಗುರುವನಿಗೆ ಇತ್ತ್. ಅವ್ನ್ ಅಬ್ಬಿ ಸರಸಕ್ಕನ ತಮ್ಮಂದಿರಿಬ್ರಿಗೂ ಇತ್ತ್. ಈ ಬಳಿಯ ಹೆಣ್ಣ್ ಬ್ಯಾಡ ಅಂದೇಳಿ ಊರ್ ಊರೇ ಹೇಳುದ್ ನಾ ಕೇಂಡಿದೆ. ಪುಷ್ಪನಿಗೆ ಮಾತ್ರ ಹ್ಯಾಂಗೆ ಇಲ್ಲೆ?"

"ಒಬ್ಬ ಹೆಣ್ಣುಮಗಳಿಗೆ ಬರದೇ ಇರಬಹುದು ಐತಣ್ಣ. ಅರ್ಧಕ್ಕರ್ಧ."

"ಹಾಂಗಾರೆ ಮುಗೀತಲೆ."

"ಮುಗೀಲಿಲ್ಲ. ಗುರುವನ ರಕ್ತದ ಪಟ್ಟಿ, ಪುಷ್ಪನ ರಕ್ತದ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರು ಪ್ರೊಫೆಸರು. ಒಂದು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಕೂಡಬೇಕಾದ್ದು ಯಾವುದೂ ಕೂಡುವುದಿಲ್ಲ."

ಐತ ನಿಂತುಬಿಟ್ಟ.

ಈ ಕರಾವಳಿಯಲ್ಲಿ ಬಳಿ, ಎಂದರೆ ಕುಲ, ಬರುವುದು ತಾಯಿಯಿಂದ. ತಂದೆ ಯಾರೇ ಇರಲಿ, ಮಗು ತಾಯಿಯ ಬಳಿಯದು. ಆ ರೋಗವೂ ತಾಯಿಯಿಂದಲೇ ಬರುವಂಥದು. ಡಾಕ್ಟರ್ ರತನ್ ಅದನ್ನು ನೋಡಿಯೇ ಕುಣಿದಿದ್ದ. "ಟೆಸ್ಟ್ ಕೆಲವೊಮ್ಮೆ ತಪ್ಪು ಹೇಳುತ್ತದೆ, ಬಳಿ ತಪ್ಪು ಹೇಳುವುದಿಲ್ಲ," ಎಂದಿದ್ದ ನಿನ್ನೆ. "ನಾಲ್ಕು ತಲೆಮಾರಿನ ನಕ್ಷೆಯನ್ನು ಈ ಜನ ಬಾಯಲ್ಲೇ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ದಾಖಲೆ ಜಗತ್ತಿನಲ್ಲಿ ಎಲ್ಲಿದೆ?" ಓದಿದ ಮುಟ್ಠಾಳ. ಮನೆಯವರು ಬಾಯಲ್ಲಿ ಹೇಳದೆ ಬಿಡುವುದೂ ಒಂದಿರುತ್ತದೆ ಎಂದು ಅವನಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಪುಷ್ಪಳ ತಾಯಿ ಸರಸ ಹಿತ್ತಲ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಒಣಸಿಗಡಿ ಬಿಡಿಸುತ್ತಿದ್ದಳು. ತಲೆ ಮುರಿದು ಒಂದು ಕಡೆ, ಉಳಿದದ್ದು ಪಾತ್ರೆಗೆ. ಎಪ್ಪತ್ತರ ಹೆಂಗಸು. ಕೈ ಮಾತ್ರ ಹುಡುಗಿಯದು.

"ಬನ್ನಿ, ಕೂಕಣಿ. ವಾಸ್ನಿ ಬತ್ತ್ ಅಂತಾದ್ರೆ ಆಚಿ ಬದಿ ಕೂಕಣಿ."

"ಬ್ರಹ್ಮಾವರದವಳು ನಾನು ಸರಸಕ್ಕ. ಈ ವಾಸನೆ ಇಲ್ಲದಿದ್ದರೆ ಊಟ ಸೇರುವುದಿಲ್ಲ." ಚೇತನಾ ಎದುರಿಗೇ ಕುಳಿತಳು. "ಪುಷ್ಪನ್ನ ಹೆತ್ತದ್ದು ನೀವಾ?"

ಸರಸಳ ಕೈ ನಿಲ್ಲಲಿಲ್ಲ.

"ಇದೆಂತ ಪ್ರಶ್ನಿ?"

"ನಂಗೆ ಉತ್ತರ ಬೇಕು."

"ನನ್ನ ಮಗಳ್ ಅದ್. ನನ್ನ ಬಳಿ ಹೆಣ್ಣ್. ಊರಾಗೆ ಯಾರ್ ಹತ್ರ ಬೇಕಾರೂ ಕೇಣಿ."

"ಊರಿನ ಹತ್ತಿರ ಕೇಳಿಲ್ಲ. ನಿಮ್ಮ ಹತ್ತಿರ ಕೇಳಿದ್ದು."

ಮುದುಕಿ ತಲೆ ಮುರಿದಳು, ತಲೆಯನ್ನೇ ಪಾತ್ರೆಗೆ ಹಾಕಿದಳು. ಉಳಿದದ್ದನ್ನು ಅಂಗಳಕ್ಕೆ ಎಸೆದಳು. ಇನ್ನೊಂದು ಮುರಿದಳು. ಅದನ್ನೂ ಹಾಗೇ ಮಾಡಿದಳು. ಕಾಗೆಯೊಂದು ಬಂದು ಎತ್ತಿಕೊಂಡು ಹೋಯಿತು.

"ನಾ ಹೇಳುಕಾತಿಲ್ಲೆ," ಎಂದಳು ಕೊನೆಗೆ. ದನಿ ಸಣ್ಣಗಾಗಿತ್ತು. "ಬೊಬ್ಬರ್ಯ ದೈವದ ಎದ್ರಿಗೆ ಅಕ್ಕಿ ಹಿಡ್ದ್ ಹೇಳಿದ್ದ್. ಬಾಯಿಂದ ಆ ಮಾತ್ ಬಂದ್ರೆ ಬಳಿ ನಿಲ್ಲುದಿಲ್ಲ ಅಂದೇಳಿ. ನೀವ್ ಹೇಳಿ. ನಾನ್ ಅಲ್ಲ ಅಂಬುದಿಲ್ಲ."

ಚೇತನಾಳಿಗೆ ಆ ಮುದುಕಿಯ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಅವಳು ಒಂದೊಂದೇ ಮಾತನ್ನು ಅಳೆದು ಆಡಿದಳು.

"ಗುರುವನ ಮೇಲೆ ನಿಮಗೆ ಮಕ್ಕಳು ನಿಲ್ಲಲಿಲ್ಲ."

ಸರಸ ಪಾತ್ರೆಯನ್ನು ಮಡಿಲ ಹತ್ತಿರ ಎಳೆದುಕೊಂಡಳು.

"ಮನೆಯಲ್ಲಿ ಹೆಣ್ಣಿಲ್ಲದಿದ್ದರೆ ಬಳಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಎಲ್ಲಿಂದಲೋ ಒಂದು ಹೆಣ್ಣು ಕೂಸು ತಂದಿರಿ. ದೈವದ ಎದುರು ಬಳಿಗೆ ಸೇರಿಸಿದಿರಿ. ಸೇರಿಸಿದ ಮೇಲೆ ಅವಳು ಹೊರಗಿನವಳು ಅಂತ ಯಾರೂ ಆಡಬಾರದು. ಅವಳ ಹತ್ತಿರವೂ."

ಮುದುಕಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈಯಲ್ಲಿ ಸಿಗಡಿಯ ಪುಡಿ. ಭುಜಕ್ಕೆ ಮುಖ ಒರೆಸಿಕೊಂಡಳು.

"ಮೂರ್ ದಿನದ್ ಕೂಸ್," ಎಂದಳು. "ಇಷ್ಟೇ ಇತ್ತ್. ಎರ್ಡ್ ಕೈಯಾಗೆ ಹಿಡ್ದ್ರೆ ಕಾಲ್ ಮೊಣಕೈ ಮುಟ್ತಿರ್ಲಿಲ್ಲೆ. ಗುರುವ ಅದನ್ನ್ ಕಂಡ್ ಎಷ್ಟ್ ಕುಶಿ ಆದ ಗೊತ್ತಿತ್ತಾ? ಅವ್ನ್ ಕಾಲ್ ಬಿದ್ದ್ ಮೇಲೆ ಹೊತ್ಕಂಡ್ ತಿರ್ಗಿದ್ದೂ ಅದೇ. ಹೆತ್ತದ್ದ್ ಬ್ಯಾರೆ, ಹೊತ್ತದ್ದ್ ಬ್ಯಾರೆಯಾ ಮೇಡಂ?"

"ಅಲ್ಲ ಸರಸಕ್ಕ. ಅದು ನಂಗೂ ಗೊತ್ತು. ಆದರೆ ಅವಳು ಆ ಡಾಕ್ಟರ ಹತ್ತಿರ ಹೊರಟಾಗ? ನನ್ನ ರಕ್ತದಲ್ಲಿ ವಿಷ ಉಂಟು, ನನ್ನ ಮಗುವಿಗೆ ಬರುವುದು ಬೇಡ ಅಂತ ಅವಳು ಅತ್ತಾಗ? ಆಗಲಾದರೂ ಹೇಳಬಹುದಿತ್ತಲ್ಲ?"

"ಇಲ್ದಿದ್ ರೋಗಕ್ಕೆ ಮದ್ದ್ ಕೊಟ್ರೆ ಎಂತ ಆತ್ತ್, ಎಂತ ಆತಿಲ್ಲೆ ಅಂದ್ಕಂಡೆ." ಸರಸ ಚೇತನಾಳ ಮುಖ ನೋಡಿದಳು, ಹೌದು ಅನ್ನಿ ಎಂದು ಬೇಡುವವಳ ಹಾಗೆ. "ಹೊಟ್ಟಿನೋವಿಲ್ದೆ ಮಾತ್ರಿ ತಿಂದ್ರೆ ಸಾಯುದಿಲ್ಲ ಅಲ್ದಾ? ಹಾಂಗೆ. ಹೇಳಿದ್ರೆ ದೈವ ಒಂದ್, ಮಗಳ್ ಒಂದ್, ಎರ್ಡೂ ಕಳ್ಕಣ್ತಿದ್ದೆ ನಾನ್. ಹೇಳ್ದಿದ್ರೆ ಎಂತ ಹೋತ್ತ್ ಅಂದ್ಕಂಡೆ."

"ಅದು ಮದ್ದಲ್ಲ, ಕತ್ತರಿ." ಚೇತನಾಳ ದನಿ ಅವಳಿಗೇ ತಿಳಿಯದೆ ಏರಿತ್ತು. "ಮಾತ್ರೆ ಒಂದು ಮೈಯಲ್ಲಿ ಕರಗಿ ಹೋಗುತ್ತದೆ. ಇದು ಹೋಗುವುದಿಲ್ಲ. ಅವನ ಮೈಯ ಒಂದೊಂದು ಕಣದಲ್ಲೂ ಉಂಟು."

ಮುದುಕಿಗೆ ಎಲ್ಲವೂ ತಿಳಿಯಿತೋ ಇಲ್ಲವೋ. ತಿಳಿಯಬೇಕಾದ್ದು ತಿಳಿಯಿತು. ಬಳಿಯ ರೋಗ ಬಳಿಯ ರಕ್ತವೇ ಇಲ್ಲದ ಮಗುವಿಗೆ ಬಂದಿತ್ತು. ತಂದವರು ಅವರೇ. ಪಾತ್ರೆ ಜರುಗಿಸಿ ಎರಡೂ ಕೈಗಳನ್ನು ನೆಲದ ಮೇಲಿಟ್ಟು ಅವಳು ತಲೆ ಬಗ್ಗಿಸಿದಳು. ಐತ ಮುಖ ತಿರುಗಿಸಿ ತೆಂಗಿನ ಮರಗಳನ್ನು ನೋಡುತ್ತ ನಿಂತ.

ಚೇತನಾ ಕೇಳಿದಳು.

"ಸ್ವರ್ಣಲತಾಳೂ ಇದನ್ನೇ ಕೇಳಲು ಬಂದಿದ್ದಳಲ್ಲ?"

ಬಗ್ಗಿದ ತಲೆ ಮೇಲೆ ಬರಲಿಲ್ಲ. ಹೌದು ಎಂದು ಅಲ್ಲಾಡಿತು.

"ಯಾವತ್ತು?"

"ಅದ್ ಸತ್ತದ್ ದಿನ. ಮಧ್ಯಾಹ್ನ. ಇಲ್ಲೇ, ನೀವ್ ಕೂಕಂಡಲ್ಲೇ ಕೂಕಂಡಿತ್ತ್. ಕಾಗ್ದ ತೋರ್ಸ್ತ್. ಅಮ್ಮಾ, ನಿಮ್ಮ ಕಾಲ್ ಹಿಡಿತೆ, ನಿಜ ಹೇಳಿ, ಇನ್ನೂ ಮೂರ್ ಹೆಣ್ಣ್‌ಮಕ್ಳಿಗೆ ಮಾಡೂಕೆ ಹೊರಟಿದ್ರ್ ಡಾಕ್ಟ್ರ್, ನಾ ನಿಲ್ಲಿಸ್ಕ್ ಅಂದ್ಲ್."

"ನೀವೇನು ಹೇಳಿದಿರಿ?"

"ನಾನೇ ಹೆತ್ತದ್ದ್ ಅಂದೆ." ಉಸಿರೆಳೆದುಕೊಂಡಳು. "ಎರ್ಡ್ ಸಲ ಕೇಣ್ತ್. ಎರ್ಡ್ ಸಲವೂ ಹಾಂಗೇ ಅಂದೆ. ಕೈ ಮಾತ್ರ ತಪ್ಪ್ತಿತ್ತ್, ಸಿಗಡಿ ತಲಿಯೇ ಪಾತ್ರಿಗೆ ಬೀಳ್ತಿತ್ತ್. ಅದ್ ನನ್ನ ಕೈಯನ್ನೇ ಕಂಡ್ತ್. ಮತ್ತೆ ಎದ್ದ್ ಹೋಯ್ತ್."

"ಒಬ್ಬಳೇ?"

ಸರಸ ಮುಖವನ್ನು ಅಂಗಳದ ಕಡೆ ತಿರುಗಿಸಿದಳು.

"ಸರಸಕ್ಕ, ಇದಕ್ಕೆ ಯಾವ ದೈವದ ಆಣೆಯೂ ಇಲ್ಲ. ಒಬ್ಬಳೇ ಹೋದಳಾ?"

"ಬಸ್ ತಪ್ಪಿ ಹೋಯಿತ್ತ್. ಚಪ್ಪಲಿಯೂ ಕಿತ್ತ್ ಹೋಯಿತ್ತ್ ಅದ್ರದ್ದ್..."

ಚಪ್ಪಲಿ ಎಂಬ ಮಾತಿಗೆ ಐತ ತಿರುಗಿದ.

ಚೇತನಾಳ ಕಣ್ಣ ಮುಂದೆ ಮಜ್ಜಿಗೆಯ ಲೋಟ ಬಂತು. ಚಾಚಿದ ಎಡಗೈ. ಚಪ್ಪರದಡಿ ಚೀಲವನ್ನು ಬೆಳಕಿಗೆ ಹಿಡಿದು ಮಾತು ನಿಲ್ಲಿಸಿದ ಸುಶಾಂತ್. ಅವನಿಗೆ ಗಂಟು ಗೊತ್ತಾಗದೆ ಇರಲಿಲ್ಲ. ಊರಿನ ಗಂಟುಗಳೆಲ್ಲ ಒಂದು ಕಡೆಗೆ ತಿರುಗಿದರೆ ಆ ಗಂಟು ಇನ್ನೊಂದು ಕಡೆಗೆ ತಿರುಗಿತ್ತು. ನಾವುಂದದಲ್ಲಿ ಎಡಗೈಯಲ್ಲಿ ಬಲೆ ಕಟ್ಟುವವರು ಎಷ್ಟು ಜನ ಇದ್ದಾರು?

"ಚಪ್ಪಲಿ ಕಟ್ಟಿಕೊಟ್ಟು ಪುಷ್ಪ ಸ್ಕೂಟಿಯಲ್ಲಿ ಬಿಟ್ಟುಬಂದಳು," ಎಂದಳು ಚೇತನಾ.

ಮುದುಕಿ ಅಲ್ಲ ಅನ್ನಲಿಲ್ಲ.

"ಅಬ್ಬಿಗೆ ಬೈಬ್ಯಾಡಿ ಮೇಡಂ."

ಬಾಗಿಲಲ್ಲಿ ಪುಷ್ಪ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಗನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. ಐದು ವರ್ಷದ ಮಗುವನ್ನು ಯಾರೂ ಹಾಗೆ ಎತ್ತಿಕೊಳ್ಳುವುದಿಲ್ಲ. ಅವನ ಉದ್ದದ ಕಾಲುಗಳು ಅವಳ ಮೊಣಕಾಲಿನವರೆಗೆ ಜೋತಾಡುತ್ತಿದ್ದವು.

ಸರಸ ಏಳಲು ಹೋದಳು, ಆಗಲಿಲ್ಲ. "ಹೆಣೆ, ನಾನ್ ಹೇಳ್ಲಿಲ್ಲೆ. ಆಣಿ ಮುರೀಲಿಲ್ಲೆ ನಾನ್..."

"ಗೊತ್ತಿತ್ ಅಬ್ಬಿ. ನೀ ಹೇಳ್ಲಿಲ್ಲೆ." ಪುಷ್ಪಳ ಮುಖದಲ್ಲಿ ಅಳುವಿರಲಿಲ್ಲ. ಅಳು ಮುಗಿದ ಮುಖ ಅದು. "ಸ್ವರ್ಣಕ್ಕ ಹೇಳಿದ್ರ್. ಬಸ್ರೂರ್ ಹೊಳಿ ಮೆಟ್ಟಿಲ್ ಮೇಲೆ ಕೂರ್ಸ್ಕಂಡ್ ಎಲ್ಲ ಹೇಳಿದ್ರ್. ನಿಂಗೆ ಆ ರೋಗ ಇಲ್ಲೆ ಪುಷ್ಪಾ, ಇವ್ನಿಗೆ ಬಪ್ಪುದೇ ಇರ್ಲಿಲ್ಲೆ, ನಾವ್ ಮಾಡಿದ್ದ್, ನನ್ನ ಕೈಯೂ ಇತ್ ಅದ್ರಾಗೆ ಅಂದೇಳಿ ಮರ್ಗಿದ್ರ್. ನಾನ್ ಮೊದ್ಲ್ ನಂಬ್ಲಿಲ್ಲೆ. ಮತ್ತೆ ಆ ಮಧ್ಯಾಹ್ನ ನಿನ್ನ ಕೈ ತಪ್ಪ್ತಿದ್ದದ್ದ್ ಒಳ್ಗಿಂದ ಕಂಡದ್ದ್ ನೆನ್ಪಾಯ್ತ್."

"ಮಾಣಿ ಎಲ್ಲಿದ್ದ ಆಗ?" ಚೇತನಾ ಕೇಳಿದಳು.

"ನನ್ನ ಸೊಂಟದ್ ಮೇಲೆ. ಈಗ ಇದ್ದಾಂಗೇ."

ಹುಡುಗ ಕೆಮ್ಮಿದ. ಕೆಮ್ಮಿ ತಾಯಿಯ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡ. ಚೇತನಾ ಆ ಬೆರಳುಗಳನ್ನು ನೋಡಿದಳು. ಸಣ್ಣ ಬೆರಳು. ಸಣ್ಣ ಉಗುರು.

"ಇವ್ನನ್ನ್ ಗುರುವಣ್ಣನ ಕುರ್ಚಿಯಾಗೆ ಕೂರ್ಸೂಕೆ ನನ್ನಿಂದ ಆತಿಲ್ಲೆ ಅನ್ಸ್ತ್ ಮೇಡಂ," ಎಂದಳು ಪುಷ್ಪ. "ಅಷ್ಟೇ ಅನ್ಸಿದ್ದ್. ಚಪ್ಪಲಿ ಜೋಡ್ಸಿ ಇಟ್ಟದ್ದ್ ನಾನೇ, ಆಮೇಲೆ. ನಮ್ಮನ್ನ್ ಹಿಡ್ಕಂಬುಕೆ ಹಿಂದೆಯೇ ಬಂದ ಸ್ವರ್ಣಕ್ಕನಿಗೆ ಈಜುಕೆ ಬತ್ತಿಲ್ಲೆ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ."

ಮಗನ ತಲೆಯನ್ನು ಹೆಗಲಿಗೆ ಒತ್ತಿಕೊಂಡು, ಅವನ ಕಿವಿಯನ್ನು ಎಡಗೈಯಿಂದ ಮುಚ್ಚಿದಳು.

"ನೀರಿಗೆ ಇಳ್ದದ್ದ್ ನಾವ್ ಮೂರ್ ಜನ. ಮೇಲೆ ಬಂದದ್ದ್ ಇಬ್ರೇ."